ಬೆಳಗಿನ ಮೊದಲ ನೀರು

ಹಳೆಯ ಮನೆಯಿಂದ,
ತಾರೀಖು ಹದಿನಾಲ್ಕು, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಊಟ, ನಿದ್ದೆ ಸರಿಯಾಗಿ ಆಗುತ್ತಿದೆಯೇ? ಸಂಜೆಯಾದರೆ ನಿನ್ನ ಕಾಲು ಸೆಳೆಯುತ್ತಿತ್ತಲ್ಲ, ಅದು ಈಗ ಕಡಿಮೆಯಾಗಿದೆಯೇ? ಮೂರು ವರ್ಷ ಒಂದು ಸಾಲು ಬರೆಯದವಳು ಈಗ ಕಾಲುಸೆಳೆತ ವಿಚಾರಿಸುತ್ತಿದ್ದಾಳೆ ಎಂದು ನೀನು ಹುಬ್ಬು ಗಂಟಿಕ್ಕಿಕೊಂಡಿರಬಹುದು. ಗಂಟಿಕ್ಕಿಕೋ, ಆದರೆ ಪೂರ್ತಿ ಓದು. ‘ಮಗಳೇ’ ಎಂದು ಕರೆದಿದ್ದಕ್ಕೂ ಬೇಸರಪಡಬೇಡ. ‘ಸೊಸೆ’ ಎಂದು ಬರೆಯೋಣವೆಂದರೆ ಆ ಸಂಬಂಧ ಕೋರ್ಟಿನಲ್ಲಿ ಮುಗಿಯಿತು, ನೀನೀಗ ಇನ್ನೊಂದು ಮನೆಯವಳು. ಹೆಸರು ಹಿಡಿದು ಬರೆಯೋಣವೆಂದರೆ ಆ ಹೆಸರನ್ನು ನಾನು ಎಷ್ಟು ಬಿರುಸಾಗಿ ಕರೆಯುತ್ತಿದ್ದೆ ಎಂಬುದು ನನ್ನ ಕಿವಿಯಲ್ಲೇ ಇದೆ. ಐದು ಹಾಳೆ ಹರಿದು ಹಾಕಿದ ಮೇಲೆ ಇದೊಂದು ಉಳಿಯಿತು. ಫೋನು ಮಾಡಬಹುದಿತ್ತು, ನನ್ನ ಧ್ವನಿ ಕೇಳಿದ ಕೂಡಲೇ ನೀನು ಇಟ್ಟುಬಿಡುತ್ತೀಯ ಎಂಬ ಹೆದರಿಕೆ. ಇಟ್ಟರೆ ತಪ್ಪೇನೂ ಇಲ್ಲ. ನಿನ್ನ ಯಜಮಾನರು ಇದನ್ನು ಓದಿದರೂ ಅಡ್ಡಿಯಿಲ್ಲ, ಅವರಿಗೂ ಗೊತ್ತಾಗಲಿ. ನಿನ್ನನ್ನು ವಾಪಸು ಕರೆಯಲು ಬರೆಯುತ್ತಿಲ್ಲ. ಅಷ್ಟು ಬುದ್ಧಿ ನನಗೆ ಉಳಿದಿದೆ.

ಇಲ್ಲಿ ನಡೆದದ್ದನ್ನು ಮೊದಲಿನಿಂದ ಹೇಳದಿದ್ದರೆ ಕೊನೆಯದು ಅರ್ಥವಾಗುವುದಿಲ್ಲ. ಎರಡು ತಿಂಗಳ ಹಿಂದೆ ಪುಟ್ಟಿ ಮನೆಗೆ ಬಂದಳು. ನಿನ್ನ ನಾದಿನಿ, ನೆನಪಿದೆಯಲ್ಲ, ನೀನು ಈ ಮನೆಯಲ್ಲಿದ್ದಷ್ಟು ದಿನವೂ ಹಾಸ್ಟೆಲಿನಿಂದ ರಜೆಗೆ ಬಂದು ನಿನ್ನ ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದವಳು. ಮದುವೆಯಾಯಿತು. ಅವಳ ಗಂಡ ಹಡಗಿನ ಕೆಲಸದವನು, ಆರು ತಿಂಗಳು ನೀರಿನ ಮೇಲೆ. ಅವಳಿಗೆ ಆಗ ನಾಲ್ಕು ತಿಂಗಳು ತುಂಬುತ್ತಿತ್ತು. ಒಬ್ಬಳೇ ಇರುವುದು ಬೇಡವೆಂದು ಕರೆಸಿಕೊಂಡೆ. ತಪಾಸಣೆಗೆ ಹೋದಾಗ ಡಾಕ್ಟರು ಎಲ್ಲರಿಗೂ ಹೇಳುವಂತೆ ಇವಳಿಗೂ ಶುದ್ಧವಾದ ನೀರು ಕುಡಿಯಿರಿ ಎಂದರು. ಅಷ್ಟು ಸಾಕಾಯಿತು. ಮಾರನೆಯ ದಿನದಿಂದ ನಮ್ಮ ಮನೆಯಲ್ಲಿ ವಾಟರ್ ಫಿಲ್ಟರ್ ಪುರಾಣ ಶುರು. ನಾನು ಮೂವತ್ತು ವರ್ಷ ಶರ್ಟು ಕಾರ್ಖಾನೆಯಲ್ಲಿ ಚೆಕ್ಕಿಂಗ್ ಮೇಜಿನ ಮುಂದೆ ನಿಂತವಳು, ಹೊಲಿಗೆ ತಿರುವಿ ನೋಡದೆ ಯಾವ ಮಾಲನ್ನೂ ಪಾಸು ಮಾಡಿದವಳಲ್ಲ. ಫಿಲ್ಟರನ್ನು ಹಾಗೇ ಬಿಡುತ್ತೇನೆಯೇ? ಒಬ್ಬ ಬಂದು ಮೇಣದಬತ್ತಿಯಂಥ ಬಿಳಿ ಕ್ಯಾಂಡಲ್ ಇರುವ ಡಬ್ಬಿ ಸಾಕು ಎಂದ. ಇನ್ನೊಬ್ಬ ಬಂದು ಅದರಿಂದ ಕೀಟಾಣು ಸಾಯುವುದಿಲ್ಲ, ಒಳಗೆ ನೇರಳೆ ದೀಪ ಉರಿಯುವ ಯು.ವಿ. ಬೇಕು ಎಂದ. ಮೂರನೆಯವನು ಎರಡನ್ನೂ ತೆಗಳಿ ಆರ್.ಓ. ಒಂದೇ ಗತಿ ಎಂದ. ನಮ್ಮ ನಡುಮನೆಯ ಮೇಜಿನ ಮೇಲೆ ಬಣ್ಣಬಣ್ಣದ ಕಾಗದಗಳು ರಾಶಿಬಿದ್ದವು. ಪ್ರತಿಯೊಂದರ ಮೇಲೂ ಒಂದು ಹಲ್ಲುಕಿರಿಯುವ ಮಗು, ಕೈಯಲ್ಲೊಂದು ಲೋಟ.

ನಾಲ್ಕನೆಯವನು ಟೈ ಕಟ್ಟಿಕೊಂಡು ಬಂದಿದ್ದ. ಅವನು ಬಂದಾಗ ಎದುರುಮನೆಯ ಟೀಚರ್ ಕೂಡ ನಮ್ಮಲ್ಲಿದ್ದರು. ನೀನು ಹೋದ ಮೇಲೆ ಆ ಮನೆಗೆ ಬಂದವರು, ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಟ್ಟು ನಿವೃತ್ತರಾದವರು; ಮಾತು ಕಮ್ಮಿ, ಕನ್ನಡಕ ದಪ್ಪ. ಟೈನವನು ಎರಡು ಗಾಜಿನ ಲೋಟ ಇಟ್ಟ. ಒಂದರಲ್ಲಿ ನಮ್ಮ ನಲ್ಲಿಯ ನೀರು, ಇನ್ನೊಂದರಲ್ಲಿ ಅವನ ಮೆಷಿನ್ನಿನದು. ಎರಡಕ್ಕೂ ಕಡ್ಡಿಗಳಿದ್ದ ಒಂದು ಸಾಧನವನ್ನು ಇಳಿಬಿಟ್ಟು ಸ್ವಿಚ್ ಒತ್ತಿದ. ಎರಡು ನಿಮಿಷದಲ್ಲಿ ನಮ್ಮ ನೀರು ಚರಂಡಿಯ ನೀರಿನ ಹಾಗೆ ಕಂದುಬಣ್ಣಕ್ಕೆ ತಿರುಗಿ ಮೇಲೆ ನೊರೆ ಎದ್ದಿತು. ಅವನದು ಹಾಗೇ ತಿಳಿಯಾಗಿತ್ತು. “ಇದನ್ನೇ ನೀವು ಕುಡೀತಿರೋದು ಅಮ್ಮಾ” ಎಂದ. ಪುಟ್ಟಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಹಿತ್ತಲಿಗೆ ಓಡಿದಳು. ಟೀಚರ್ ಮಾತ್ರ ಎದ್ದು ಅಡುಗೆಕೋಣೆಗೆ ಹೋಗಿ ಚಿಟಿಕೆ ಉಪ್ಪು ತಂದು ಅವನ ತಿಳಿನೀರಿಗೆ ಹಾಕಿ, “ಈಗ ಇನ್ನೊಂದ್ಸಲ ಒತ್ತಿ” ಎಂದರು. ಅವನು ಒತ್ತಲಿಲ್ಲ, ಅವರೇ ಒತ್ತಿದರು. ಅದೂ ಕಂದಾಯಿತು. ಕಡ್ಡಿಯ ಕಬ್ಬಿಣವೇ ಕರಗಿ ಬಣ್ಣ ಬರುವುದು, ನೀರಿನ ಕೊಳೆಯಲ್ಲ, ಉಪ್ಪಿನಂಶ ಇದ್ದರೆ ಸಾಕು ಎಂದು ವಿವರಿಸಿದರು. ಟೈನವನು ಸಾಮಾನು ಕಟ್ಟಿಕೊಂಡು, ಹೋಗುವಾಗ ತನ್ನ ಕಾಗದವನ್ನೂ ವಾಪಸು ತೆಗೆದುಕೊಂಡು ಹೋದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಬಹಳ ದಿನದ ಮೇಲೆ ಈ ಮನೆಯಲ್ಲಿ ಯಾರೋ ನಕ್ಕಿದ್ದು. ಆಮೇಲೆ ಇಲ್ಲಿಯವರೆಗೂ ನಕ್ಕಿಲ್ಲ.

ನಗು ಮುಗಿದ ಮೇಲೆ ಟೀಚರ್ ಅಂದದ್ದು ಇಷ್ಟೇ: “ನಿಮ್ಮ ನೀರಲ್ಲಿ ಏನಿದೆ ಅಂತ ಗೊತ್ತಿಲ್ಲದೆ ಯಾವ ಮೆಷಿನ್ ತಗೋತೀರಿ? ಮೊದ್ಲು ಪರೀಕ್ಷೆ ಮಾಡ್ಸಿ.” ತಾವೇ ಎರಡು ಬಾಟಲಿ ತಂದುಕೊಟ್ಟರು. ಬೆಳಿಗ್ಗೆ ಎದ್ದ ತಕ್ಷಣ, ಮನೆಯಲ್ಲಿ ಬೇರೆ ಯಾವ ನಲ್ಲಿಯನ್ನೂ ತಿರುಗಿಸುವ ಮೊದಲು, ಅಡುಗೆಕೋಣೆಯ ನಲ್ಲಿಯಿಂದ ಒಂದನ್ನು ತುಂಬಬೇಕು. ಐದು ನಿಮಿಷ ನೀರು ಹರಿಯಬಿಟ್ಟು ಇನ್ನೊಂದನ್ನು ತುಂಬಬೇಕು. ಒಂದೇ ನಲ್ಲಿ, ಒಂದೇ ನೀರು, ಎರಡು ಬಾಟಲಿ ಯಾಕೆ ದಂಡ ಎಂದು ನಾನು ಗೊಣಗಿದೆ. ಆದರೂ ತುಂಬಿದೆ. ಮಗ ಡಿಪೋದ ವರ್ಕ್‌ಶಾಪಿಗೆ ಹೋಗುವಾಗ ದಾರಿಯಲ್ಲಿ ಲ್ಯಾಬಿಗೆ ಕೊಟ್ಟು ಹೋದ. ಹೌದು, ಅವನು ಅಲ್ಲೇ ಇದ್ದಾನೆ, ಅದೇ ಬಸ್ಸುಗಳ ಹೊಟ್ಟೆಯ ಕೆಳಗೆ ಮಲಗಿಕೊಂಡು. ಅವನ ವಿಷಯ ಆಮೇಲೆ ಬರೆಯುತ್ತೇನೆ.

ಆರನೆಯ ದಿನ ರಿಪೋರ್ಟ್ ಬಂತು. ಟೀಚರ್ ನಮ್ಮ ಊಟದ ಮೇಜಿನ ಮೇಲೆ ಹರವಿಕೊಂಡು ಮೇಲಿನಿಂದ ಓದುತ್ತ ಹೋದರು. ಕೀಟಾಣು ಇಲ್ಲ. ಕಬ್ಬಿಣ ಇಲ್ಲ. ಸುಣ್ಣ ಬಹಳ ಕಡಿಮೆ. ನಾನು ಗೆದ್ದವಳ ಹಾಗೆ ಪುಟ್ಟಿಯ ಮುಖ ನೋಡಿದೆ. ಅಷ್ಟರಲ್ಲಿ ಅವರ ಬೆರಳು ಒಂದು ಸಾಲಿನ ಮೇಲೆ ನಿಂತುಬಿಟ್ಟಿತು. ಸೀಸ. ಇರಬಹುದಾದ ಮಿತಿ ಹತ್ತು. ಎರಡನೆಯ ಬಾಟಲಿಯಲ್ಲಿ ಹದಿನೆಂಟು. ಮೊದಲನೆಯ ಬಾಟಲಿಯಲ್ಲಿ ಇನ್ನೂರ ಹತ್ತು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದರು. ಆಮೇಲೆ ಬಹಳ ಮೆಲ್ಲಗೆ, “ಬೆಳಿಗ್ಗೆ ಮೊದಲ ನೀರು ಯಾರು ಕುಡೀತಾರೆ?” ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ಹೇಳಿದೆ, ಪುಟ್ಟಿಗೆ ಕೊಡುತ್ತೇನೆ, ಎದ್ದ ತಕ್ಷಣ ಖಾಲಿ ಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ, ಬಸುರಿ ಹೆಂಗಸಿಗೆ ಅದು ಬಹಳ ಒಳ್ಳೆಯದು ಎಂದು. ಅವರು ನನ್ನ ಕೈ ಹಿಡಿದುಕೊಂಡರು. ಅವರು ಯಾರ ಕೈಯನ್ನೂ ಸುಮ್ಮನೆ ಹಿಡಿಯುವವರಲ್ಲ.

ಆ ಹೊತ್ತಿನಲ್ಲಿ ನನಗೆ ಪುಟ್ಟಿಯದೊಂದೇ ಯೋಚನೆ. ನಿನ್ನ ನೆನಪು ಬರಲಿಲ್ಲ. ಇದನ್ನು ಬರೆಯದೆ ಬಿಟ್ಟಿದ್ದರೆ ನಿನಗೆ ಗೊತ್ತಾಗುತ್ತಿರಲಿಲ್ಲ, ಆದರೂ ಬರೆಯುತ್ತಿದ್ದೇನೆ. ಅದೇ ಸಂಜೆ ಅವಳನ್ನು ಟೀಚರ ಮನೆಗೆ ಸಾಗಿಸಿದೆವು. ಮರುದಿನ ಪರೀಕ್ಷೆಗೆ ರಕ್ತ ಕೊಟ್ಟು ಬಂದಳು, ನಾನೂ ಮಗನೂ ಕೊಟ್ಟೆವು. ನಾನು ಕುದಿಸಿದರೆ ಹೋಗುವುದಿಲ್ಲವೇ ಎಂದು ಕೇಳಿದೆ. ಕುದಿಸಿದರೆ ನೀರು ಆವಿಯಾಗಿ ಸೀಸ ಅಲ್ಲೇ ಉಳಿಯುತ್ತದೆ, ಇನ್ನಷ್ಟು ಗಟ್ಟಿಯಾಗುತ್ತದೆ ಎಂದರು ಟೀಚರ್. ನೀನು ಎರಡನೆಯ ಸಲ ಬಸುರಾಗಿದ್ದಾಗ ನಾನು ಎಲ್ಲವನ್ನೂ ಕುದಿಸಿ ಆರಿಸಿ ಕೊಡುತ್ತಿದ್ದೆನಲ್ಲ. ಅದೂ ಆಗ ನೆನಪಾಗಲಿಲ್ಲ.

ನೆನಪಾಗಿದ್ದು ಮೂರನೆಯ ದಿನ, ಪ್ಲಂಬರ್ ಬಂದಾಗ. ಅಡುಗೆಕೋಣೆಯ ಸಿಂಕಿನ ಕೆಳಗೆ ಬಗ್ಗಿ, ಗೋಡೆಯಿಂದ ಹೊರಬರುವ ಬೂದುಬಣ್ಣದ ದಪ್ಪ ಪೈಪನ್ನು ಅವನು ಚಾಕುವಿನಿಂದ ಕೆರೆದ. ಬೆಣ್ಣೆ ಕೆರೆದ ಹಾಗೆ ಎದ್ದು ಬಂತು, ಒಳಗೆ ಬೆಳ್ಳಿಯಂತೆ ಹೊಳೆಯಿತು. “ಇದು ಸೀಸದ ಪೈಪು ಅಮ್ಮಾ. ಈಗೆಲ್ಲ ಯಾರೂ ಹಾಕಲ್ಲ” ಎಂದ. ಬಚ್ಚಲಿನ ಪೈಪುಗಳನ್ನೆಲ್ಲ ಹಿಂದೆಯೇ ಬದಲಾಯಿಸಿದ್ದೆವು. ಅಡುಗೆಕೋಣೆಯದು ಮಾತ್ರ ನೆಲದ ಕೆಳಗೆ ಹೂತಿದ್ದರಿಂದ ಹಾಗೇ ಉಳಿದಿತ್ತು. ನನ್ನ ಮಾವನವರು ಮನೆ ಕಟ್ಟಿಸಿದಾಗ ಹಾಕಿಸಿದ್ದು. ಟೀಚರ್ ಹಿತ್ತಲಿಗೆ ಹೋಗಿ ಗೋಡೆಗೆ ಕೂರಿಸಿದ್ದ ಸಾಫ್ಟ್‌ನರ್ ಮೆಷಿನ್ನಿನ ಮುಂದೆ ನಿಂತುಬಿಟ್ಟರು. ಗಡಸು ನೀರನ್ನು ಮೆದು ಮಾಡುವ ಆ ನೀಲಿ ಸಿಲಿಂಡರು. “ಇದನ್ನ ಯಾವಾಗ ಹಾಕ್ಸಿದ್ರಿ?” ಎಂದರು.

ಯಾವಾಗ ಹಾಕಿಸಿದೆ ಎಂಬುದು ನಿನಗೆ ಗೊತ್ತು. ನೀನು ಬಂದು ಆರು ತಿಂಗಳಾಗಿತ್ತು. ನಮ್ಮ ಗಡಸು ನೀರಿಗೆ ನಿನ್ನ ಕೂದಲು ಮುಷ್ಟಿ ಮುಷ್ಟಿ ಉದುರುತ್ತಿತ್ತು. ನೀನು ಒಂದು ದಿನವೂ ದೂರಲಿಲ್ಲ; ಬಾಚಣಿಗೆ ನೋಡಿ ನಾನೇ ತಿಳಿದುಕೊಂಡೆ. ಕಾರ್ಖಾನೆಯಿಂದ ನಿವೃತ್ತಿಯಾದಾಗ ಬಂದದ್ದರಲ್ಲಿ ನಾನು ನನಗೆಂದು ಏನೂ ತೆಗೆದುಕೊಳ್ಳದೆ ಆ ಮೆಷಿನ್ ತಂದೆ. ಆಗಲೂ ಹತ್ತು ಅಂಗಡಿ ಅಲೆದು, ಹೊಲಿಗೆ ತಿರುವಿ ನೋಡುವ ಹಾಗೆ ನೋಡಿಯೇ ತಂದೆ. ಅದು ಒಳ್ಳೆಯ ಮೆಷಿನ್ನೇ. ಪೈಪು ಯಾವುದು ಎಂದು ಮಾತ್ರ ಮಾರಿದವನು ಕೇಳಲಿಲ್ಲ, ಕೊಂಡವಳೂ ನೋಡಲಿಲ್ಲ. ಟೀಚರ್ ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ: ಹಿಂದಿನ ಗಡಸು ನೀರು ನಲವತ್ತು ವರ್ಷ ಆ ಪೈಪಿನ ಒಳಗೆ ಸುಣ್ಣದ ಪದರ ಕಟ್ಟಿಕೊಂಡು ಬಂದಿತ್ತು. ನೀರಿಗೂ ಸೀಸಕ್ಕೂ ನಡುವೆ ಅದೇ ಗೋಡೆ. ಮೆದು ನೀರು ಹರಿಯತೊಡಗಿದ ಮೇಲೆ ಆ ಪದರ ನಿಧಾನವಾಗಿ ಕರಗಿಹೋಯಿತು. ಆಮೇಲೆ ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರು ಸೀಸವನ್ನು ಹೀರಿಕೊಂಡು, ಬೆಳಿಗ್ಗೆ ಮೊದಲು ಯಾರು ನಲ್ಲಿ ತಿರುಗಿಸುತ್ತಾರೋ ಅವರ ಲೋಟಕ್ಕೆ ಬೀಳುತ್ತಿತ್ತು.

ನಾನು ಹಿತ್ತಲಿನ ಮೆಟ್ಟಿಲ ಮೇಲೆ ಕೂತು ವರ್ಷಗಳನ್ನು ಲೆಕ್ಕ ಹಾಕಿದೆ. ಮೆಷಿನ್ ಬಂದ ಮುಂದಿನ ವರ್ಷ ನಿನ್ನ ಮೊದಲನೆಯ ಬಸುರು ನಿಲ್ಲದೆ ಹೋದದ್ದು. ಅದರ ಮರುವರ್ಷ ಎರಡನೆಯದು. ಆಮೇಲೆ ಐದನೆಯ ತಿಂಗಳವರೆಗೆ ನಿಂತು ಹೋದದ್ದು, ನೀನು ಆಗಲೇ ಉಣ್ಣೆಯ ಟೋಪಿ ಹೆಣೆದಿಟ್ಟಿದ್ದದ್ದು. ಈ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದವಳು ನೀನು. ನೀನು ಎದ್ದ ಕೂಡಲೇ ಅಡುಗೆಕೋಣೆಯ ಬಾಗಿಲಲ್ಲಿ ನಿಂತು, ಆ ಒಂದು ಲೀಟರಿನ ಸ್ಟೀಲ್ ಲೋಟ ತುಂಬಿಸಿ, ನೀನು ತಳ ಕಾಣುವವರೆಗೆ ಕುಡಿಯುವುದನ್ನು ಕಣ್ಣಾರೆ ನೋಡುತ್ತಿದ್ದವಳು ನಾನು. ಯಾವುದೋ ವಾರಪತ್ರಿಕೆಯಲ್ಲಿ ಓದಿದ್ದೆ. ಸಾಕು ಅತ್ತೆ ಎಂದರೂ ಬಿಡುತ್ತಿರಲಿಲ್ಲ. ಯೋಚಿಸಿ ನೋಡಿದೆ ಮಗಳೇ, ನೀನು ಇದ್ದ ನಾಲ್ಕೂವರೆ ವರ್ಷದಲ್ಲಿ ನಿನ್ನ ಮೇಲಿನ ಅಕ್ಕರೆಯಿಂದ ನಾನು ಮಾಡಿದ್ದು ಎರಡೇ ಕೆಲಸ. ಒಂದು ಆ ಮೆಷಿನ್, ಇನ್ನೊಂದು ಆ ಲೋಟ. ಉಳಿದದ್ದೆಲ್ಲ ಗದರಿಕೆ. ಗದರಿಕೆಯಿಂದ ನಿನಗೆ ಇಷ್ಟು ಕೆಡುಕಾಗಲಿಲ್ಲ.

ಆ ದಿನ ನಡುಮನೆಯಲ್ಲಿ ನಾನು ಆಡಿದ ಮಾತನ್ನು ನೀನು ಮರೆತಿರಲಾರೆ. ಮೂರನೆಯದೂ ಹೋಗಿ ಆಸ್ಪತ್ರೆಯಿಂದ ನೀನು ಬಂದ ಮರುದಿನ. ನೆಂಟರು ಕೂತಿದ್ದರು. ನೀನು ಗೋಡೆ ಹಿಡಿದುಕೊಂಡು ನಿಂತಿದ್ದೆ. “ಇದೇ ಮನೆ, ಇದೇ ಅನ್ನ, ಇದೇ ನೀರು. ನಾನೂ ಎರಡು ಹೆತ್ತಿದ್ದೀನಿ. ಲೋಪ ಎಲ್ಲಿದೆ ಅಂತ ನೀವೇ ನೋಡ್ಕೊಳ್ಳಿ” ಅಂದಿದ್ದೆ. ಕಾರ್ಖಾನೆಯಲ್ಲಿ ಕೆಟ್ಟ ಹೊಲಿಗೆಯ ಶರ್ಟಿಗೆ ಕೆಂಪು ಚೀಟಿ ಅಂಟಿಸಿ ಪಕ್ಕಕ್ಕೆ ಎಸೆಯುತ್ತಿದ್ದೆವು. ಅದೇ ಕೈಯಿಂದ ನಿನಗೂ ಅಂಟಿಸಿದೆ. ಇದೇ ನೀರಂತೆ. ನಾನು ಹೆತ್ತಾಗ ಕುಡಿದ ನೀರು ಬೇರೆ, ನಿನಗೆ ಕುಡಿಸಿದ್ದು ಬೇರೆ. ನೀನು ಒಳಗೆ ಹೋಗಿ ಚೀಲ ತುಂಬಿಕೊಂಡೆ. ಹೋಗುವಾಗ ಬಾಗಿಲನ್ನು ಸದ್ದಿಲ್ಲದೆ ಹಾಕಿಕೊಂಡು ಹೋದೆ. ಆಗ ನನಗೆ ಅದು ಸೊಕ್ಕಾಗಿ ಕಂಡಿತ್ತು.

ನಿನ್ನ ಹಳೆಯ ಆಸ್ಪತ್ರೆಯ ಕಾಗದಗಳು ಕಪಾಟಿನಲ್ಲೇ ಇದ್ದವು. ಅವನ್ನೂ ನೀರಿನ ರಿಪೋರ್ಟನ್ನೂ ತೆಗೆದುಕೊಂಡು ಡಾಕ್ಟರ ಹತ್ತಿರ ಹೋದೆ. ಪುಟ್ಟಿಯ ರಕ್ತದಲ್ಲಿ ಸೀಸ ಸ್ವಲ್ಪ ಹೆಚ್ಚಿತ್ತು, ಆದರೆ ಅವಳು ಈ ನೀರು ಕುಡಿದದ್ದು ಮೂರೇ ವಾರ. ಈಗ ನಿಂತಿದೆಯಲ್ಲ, ಇಳಿಯುತ್ತದೆ, ಮಗು ಚೆನ್ನಾಗಿದೆ ಎಂದರು. ನನ್ನ ರಕ್ತದಲ್ಲೂ ಮಗನ ರಕ್ತದಲ್ಲೂ ಅದಕ್ಕಿಂತ ಬಹಳ ಜಾಸ್ತಿ ಇದೆ. ನನ್ನ ಹೊಟ್ಟೆನುಲಿತ, ಅವನ ತಲೆನೋವು, ಮನೆಯಲ್ಲಿ ಒಬ್ಬರಿಗೊಬ್ಬರು ಉರಿದುಬೀಳುತ್ತಿದ್ದದ್ದು, ಅದರಲ್ಲೂ ಒಂದಿಷ್ಟು ಪಾಲು ಇದರದ್ದೇ ಇರಬಹುದಂತೆ. ಎಷ್ಟು ಪಾಲು ಎಂದು ನಾನು ಕೇಳಲಿಲ್ಲ. ನಿನ್ನ ಕಾಗದಗಳನ್ನು ಮುಂದಿಟ್ಟು ನೇರವಾಗಿ ಕೇಳಿದೆ, ಆ ಮೂರೂ ಇದರಿಂದಲೇ ಹೋದವಾ ಎಂದು. ಅವರು ಬಹಳ ಹೊತ್ತು ಕಾಗದ ತಿರುವಿದರು. “ಇದೇ ಕಾರಣ ಅಂತ ನಾನು ಬರೆದುಕೊಡೋಕೆ ಆಗಲ್ಲ. ಇದಲ್ಲ ಅಂತಾನೂ ಹೇಳೋಕಾಗಲ್ಲ. ಇಷ್ಟು ಸೀಸ ಇರೋ ನೀರನ್ನ ಬಸುರಿ ಹೆಂಗಸು ಕುಡೀಬಾರದಿತ್ತು, ಅದಂತೂ ಖಂಡಿತ” ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಆ ‘ಹೇಳೋಕಾಗಲ್ಲ’ ಎಂಬ ಮಾತಿನ ಹಿಂದೆ ಬಚ್ಚಿಟ್ಟುಕೊಳ್ಳೋಣ ಅನ್ನಿಸಿತು. ಎರಡು ಸ್ಟಾಪು ಹೋಗುವಷ್ಟು ಹೊತ್ತು ಬಚ್ಚಿಟ್ಟುಕೊಂಡೂ ಇದ್ದೆ. ಆಮೇಲೆ ನನಗೇ ಹೇಸಿಗೆಯಾಯಿತು.

ಪುಟ್ಟಿಗೆ ಎಲ್ಲವನ್ನೂ ಹೇಳಿದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಟೀಚರ ಮನೆಯ ಕಿಟಕಿಯ ಬಳಿ ಕೂತು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೇಳಿದಳು, “ಅಮ್ಮಾ, ನನ್ನ ಮಗು ಹೋಗಿದ್ರೆ ಆಗ್ಲೂ ಲೋಪ ಎಲ್ಲಿದೆ ನೋಡ್ಕೊಳ್ಳಿ ಅಂತಿದ್ಯಾ?” ಉತ್ತರ ಏನೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಇನ್ನೊಬ್ಬರ ಮಗಳಾದ್ದರಿಂದ ನಿನಗೆ ಹೇಳಿದೆ.

ಇನ್ನು ಮಗನ ವಿಷಯ. ಅವನ ಪರವಾಗಿ ನಾನು ಒಂದು ಅಕ್ಷರವನ್ನೂ ವಾದಿಸುವುದಿಲ್ಲ, ನಡೆದದ್ದನ್ನು ಮಾತ್ರ ಹೇಳುತ್ತೇನೆ. ಪ್ಲಂಬರ್ ನೆಲ ಒಡೆಯಲು ಮರುದಿನ ಬರುತ್ತೇನೆ ಎಂದಿದ್ದ. ಮಗ ಕಾಯಲಿಲ್ಲ. ವರ್ಕ್‌ಶಾಪಿನಿಂದ ಬಂದವನೇ ಹಾರೆ ತೆಗೆದುಕೊಂಡು ಅಡುಗೆಕೋಣೆಯ ನೆಲಹಾಸಿನ ಕಲ್ಲುಗಳನ್ನು ಎಬ್ಬಿಸಿದ. ನಾನು ತಡೆಯಲಿಲ್ಲ. ಎರಡು ಗಂಟೆ ಅಗೆದು ಪೈಪನ್ನು ಉದ್ದಕ್ಕೂ ಕಿತ್ತು ತೆಗೆದ. ಅದನ್ನು ತೊಡೆಯ ಮೇಲಿಟ್ಟುಕೊಂಡು ಮಣ್ಣಿನ ಗುಡ್ಡೆಯ ಮೇಲೆ ಕೂತಿದ್ದ. ಕೊನೆಗೆ, “ಅವಳು ಒಂದ್ಸಲ ಹೇಳಿದ್ಲು, ಅಣ್ಣನ ಮನೆಗೆ ಹೋದ್ರೆ ನನಗೆ ಹೊಟ್ಟೆನೋವೇ ಬರಲ್ಲ ಅಂತ. ನಾನು ನಕ್ಕುಬಿಟ್ಟೆ” ಅಂದ. ಅವನು ನಗುವುದಕ್ಕೆ ಮೊದಲು ನಾನು ನಕ್ಕಿದ್ದೆ. ಕೆಲಸ ತಪ್ಪಿಸುವ ಹೊಟ್ಟೆನೋವು ಎಂದು ಹೆಸರಿಟ್ಟಿದ್ದವಳು ನಾನೇ. ನೀನು ನಮಗೆ ಎದುರೆದುರೇ ಹೇಳಿದ್ದೆ ಮಗಳೇ. ಲ್ಯಾಬಿಗಿಂತ ಮೊದಲೇ ನೀನು ರಿಪೋರ್ಟ್ ಕೊಟ್ಟಿದ್ದೆ. ಅವತ್ತು ನಿನ್ನ ಮಾತನ್ನು ಯಾರಾದರೂ ಒಬ್ಬರು ಕಿವಿಯ ಮೇಲೆ ಹಾಕಿಕೊಂಡಿದ್ದರೆ, ಎಂದು ಶುರುಮಾಡಿ ಆ ವಾಕ್ಯವನ್ನು ಮುಗಿಸಲು ನನಗೆ ಆಗುತ್ತಿಲ್ಲ. ಅವನು ನಿನಗೆ ಬರೆಯುತ್ತೇನೆ ಎಂದ. ಬೇಡ, ಅವಳ ಈಗಿನ ಮನೆಗೆ ನಿನ್ನ ಕಾಗದ ಹೋಗಬಾರದು, ಬರೆಯಬೇಕಾದ ತಪ್ಪು ನನ್ನದು ಎಂದೆ. ತಲೆಯಾಡಿಸಿದ. ಎರಡು ದಿನ ಕೆಲಸಕ್ಕೆ ಹೋಗಲಿಲ್ಲ, ಮೂರನೆಯ ದಿನ ಹೋದ.

ಆ ದಿನ ನಡುಮನೆಯಲ್ಲಿ ಕೂತು ನನ್ನ ಮಾತು ಕೇಳಿದವರು ಯಾರು ಯಾರು ಎಂದು ನೆನಪು ಮಾಡಿಕೊಂಡೆ. ನನ್ನ ಅಕ್ಕ, ನನ್ನ ಮೈದುನ, ಅವನ ಹೆಂಡತಿ, ಪಕ್ಕದ ಮನೆಯ ಹೊಲಿಗೆಯವಳು. ಒಬ್ಬೊಬ್ಬರ ಮನೆಗೂ ಹೋದೆ. ಬಾಗಿಲಲ್ಲಿ ನಿಂತು ಹೇಳುವ ವಿಷಯವಲ್ಲವೆಂದು ಒಳಗೆ ಕೂತು, ರಿಪೋರ್ಟ್ ತೋರಿಸಿ, ನಾನು ಅವತ್ತು ಆಡಿದ್ದು ಸುಳ್ಳು, ಲೋಪ ನನ್ನ ಮನೆಯ ಪೈಪಿನಲ್ಲಿತ್ತು, ಅದನ್ನು ಅವಳ ಹೊಟ್ಟೆಯ ಮೇಲೆ ಹೊರಿಸಿದೆ ಎಂದು ಹೇಳಿದೆ. ಮೈದುನ ಚಹಾ ಕುಡಿಯಿರಿ ಅತ್ತಿಗೆ ಎಂದ. ಅವನ ಹೆಂಡತಿ ಎದ್ದು ಒಳಗೆ ಹೋದಳು, ಬರಲೇ ಇಲ್ಲ. ಹೊಲಿಗೆಯವಳು ಅತ್ತಳು, ನೀನು ಅವಳ ಹತ್ತಿರ ಬಂದು ಮಗುವಿನ ಅಂಗಿಗೆ ಅಳತೆ ಕೇಳಿದ್ದೆಯಂತೆ, ಅದು ನನಗೆ ಗೊತ್ತೇ ಇರಲಿಲ್ಲ. ನನ್ನ ಅಕ್ಕ ಮಾತ್ರ ಸಿಡುಕಿದಳು. “ಆಗಿಹೋದದ್ದನ್ನ ಯಾಕೆ ಕೆದಕ್ತೀಯ? ಆ ಮಾತು ಈಗ ಯಾರಿಗೆ ನೆನಪಿದೆ?” ಅಂದಳು. “ಅವಳಿಗೆ ನೆನಪಿದೆ” ಎಂದೆ.

ನೀರಿನ ವ್ಯವಸ್ಥೆ ಏನಾಯಿತು ಎಂದೂ ಹೇಳಿಬಿಡುತ್ತೇನೆ, ಅರ್ಧಕ್ಕೆ ಬಿಟ್ಟರೆ ನಿನಗೆ ಸಮಾಧಾನವಾಗದು, ನೀನು ಲೆಕ್ಕಾಚಾರದ ಹುಡುಗಿ. ಯಾವ ಮೆಷಿನ್ನಿಗೂ ಮೊದಲು ಪೈಪು ಬದಲಾಯಿಸಿದೆವು. ಸಾಫ್ಟ್‌ನರಿನ ನೀರು ಈಗ ಬಚ್ಚಲಿಗೆ ಮಾತ್ರ. ಅಡುಗೆಕೋಣೆಗೆ ಬೀದಿಯ ಗಡಸು ನೀರು ನೇರವಾಗಿ ಬರುತ್ತದೆ. ಸಿಂಕಿನ ಕೆಳಗೆ ಒಂದು ಸಣ್ಣ ಆರ್.ಓ. ಕೂರಿಸಿದ್ದೇವೆ, ಸೀಸವನ್ನು ತಡೆಯುತ್ತದೆ ಎಂದು ಪರೀಕ್ಷೆಯಾದ ಪತ್ರ ನೋಡಿಯೇ ತೆಗೆದುಕೊಂಡದ್ದು. ಕೂರಿಸಿದ ಮೇಲೆ ಮತ್ತೆ ಎರಡು ಬಾಟಲಿ ಲ್ಯಾಬಿಗೆ ಹೋದವು. ಎರಡರಲ್ಲೂ ಏನೂ ಇಲ್ಲವೆಂದು ಬಂತು. ಎಲ್ಲರೂ ಖುಷಿಪಟ್ಟರು. ನಾನು ಆ ‘ಏನೂ ಇಲ್ಲ’ ಎಂಬ ಸಾಲನ್ನು ನೋಡುತ್ತ, ಇದು ಇಷ್ಟು ಸುಲಭದ ಕೆಲಸವಾಗಿತ್ತೇ ಎಂದುಕೊಂಡೆ. ಒಂದು ವಾರದ ಕೆಲಸ. ಎರಡು ಬಾಟಲಿ, ಒಬ್ಬ ಪ್ಲಂಬರ್, ಒಂದು ಪೈಪು. ನನಗೆ ಇನ್ನೂ ನಂಬಲಾಗುತ್ತಿಲ್ಲ. ಅಡುಗೆ ಮಾಡುತ್ತಿರುವಾಗ ಕೈ ತಾನಾಗಿ ನಿಂತುಬಿಡುತ್ತದೆ, ಒಲೆಯ ಮೇಲಿನದು ಸೀದುಹೋದರೂ ತಿಳಿಯುವುದಿಲ್ಲ.

ನೀನು ನನ್ನನ್ನು ಕ್ಷಮಿಸಬೇಕೆಂದು ಬರೆಯಲಿಲ್ಲ. ಕ್ಷಮಿಸದಿದ್ದರೆ ಅದು ನ್ಯಾಯವೇ. ಆದರೆ ಯಾವತ್ತಾದರೂ, ಒಂದು ಗಳಿಗೆಯಾದರೂ, ಆ ಮೂರೂ ನಿನ್ನ ದೇಹದ ತಪ್ಪಿನಿಂದ ಹೋದವು ಎಂದು ನೀನು ನಂಬಿದ್ದರೆ, ಆ ನಂಬಿಕೆಯನ್ನು ನಿನ್ನೊಳಗೆ ನೆಟ್ಟವಳು ನಾನು, ಅದನ್ನು ಕಿತ್ತುಹಾಕಬೇಕಾದವಳೂ ನಾನೇ. ನಿನ್ನಲ್ಲಿ ಯಾವ ಲೋಪವೂ ಇರಲಿಲ್ಲ.

ನಿನ್ನ ಮನೆ ತಣ್ಣಗಿರಲಿ. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಪುಟ್ಟಿ ನಿನಗೆ ಪ್ರೀತಿ ಹೇಳಿದ್ದಾಳೆ, ಅದನ್ನು ಮಾತ್ರ ತಪ್ಪದೆ ತೆಗೆದುಕೋ.

ಒಂದು ಕಾಲದಲ್ಲಿ ನೀನು ಅತ್ತೆ ಎಂದು ಕರೆಯುತ್ತಿದ್ದವಳು

ಮರುಬರಹ: ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು, ಅಂಟಿಸಿದ ಲಕೋಟೆಯನ್ನು ಬಿಡಿಸಿ ಇದನ್ನು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು. ಆ ದಿನ ನಡುಮನೆಯಲ್ಲಿ ನಿನ್ನ ಅಣ್ಣನೂ ಇದ್ದನಲ್ಲ, ಅವನ ಅಂಗಡಿಗೂ ಹೋಗಿದ್ದೆ. ವಿಳಾಸ ಕೊಟ್ಟವನು ಅವನೇ. ಕೊಡುವಾಗ ಬಾಯ್ತಪ್ಪಿ, “ಅವಳಿಗೀಗ ನಾಲ್ಕು ತಿಂಗಳು, ಏನಾದ್ರೂ ಬರೆದು ಹೆದರಿಸಬೇಡಿ” ಅಂದ. ಹೆದರಿಸುವುದಿಲ್ಲ ಎಂದು ಮಾತು ಕೊಟ್ಟೆ. ಅದಕ್ಕೇ ಇಷ್ಟು ಹಾಳೆ ತುಂಬಿಸಿಯೂ ಇದನ್ನು ಬರೆದಿರಲಿಲ್ಲ. ಈಗ ಮಾತು ಮುರಿಯುತ್ತಿದ್ದೇನೆ. ಡಾಕ್ಟರು ಇನ್ನೊಂದು ವಿಷಯ ಹೇಳಿದ್ದರು: ಸೀಸ ಮೂಳೆಯಲ್ಲಿ ವರ್ಷಗಟ್ಟಲೆ ಕೂತಿರುತ್ತದೆ, ಬಸುರಿನಲ್ಲಿ ಮೂಳೆಯಿಂದ ಮತ್ತೆ ರಕ್ತಕ್ಕೆ ಇಳಿಯಬಹುದು. ನೀನು ಮೂರು ವರ್ಷದಿಂದ ಈ ನೀರು ಮುಟ್ಟಿಲ್ಲ, ಬಹುಶಃ ಏನೂ ಇರಲಾರದು. ಇದ್ದರೂ ಈಗಲೇ ಗೊತ್ತಾದರೆ ಮಾತ್ರೆ ಕೊ‌ಟ್ಟು, ಕಣ್ಣಿಟ್ಟು ನೋಡಿಕೊಳ್ಳುತ್ತಾರಂತೆ. ಒಂದೇ ಒಂದು ರಕ್ತಪರೀಕ್ಷೆ, ಆದರೆ ನಾವಾಗಿ ಕೇಳದಿದ್ದರೆ ಯಾರೂ ಮಾಡಿಸುವುದಿಲ್ಲ. ಇದು ಕೈಸೇರಿದ ದಿನವೇ ಹೋಗು. ನೀರಿನ ರಿಪೋರ್ಟಿನ ನಕಲು ಒಳಗಿದೆ. ನನ್ನ ಕಾಗದವನ್ನು ಹರಿದು ಒಲೆಗೆ ಹಾಕಿದರೂ ಸರಿ, ಆ ಹಾಳೆಯನ್ನು ಮಾತ್ರ ಡಾಕ್ಟರ ಮೇಜಿನ ಮೇಲಿಡು.